ದೇಶದಲ್ಲಿ ಓಟಿಲ್ಲ, ಊರಿನಲ್ಲಿ ಓಟುಂಟು: ತಾಲಿನ್ ನಗರದ ಚುನಾವಣೆಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ ಎಸ್ಟೋನಿಯಾ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡದ್ದು 1991ರ ಆಗಸ್ಟ್ 20ರಂದು. ನಂತರದ ಎರಡು ವರ್ಷಗಳಲ್ಲಿ ಅಲ್ಲಿ ಎರಡು ದೊಡ್ಡ ಚುನಾವಣೆಗಳು ನಡೆದವು. ಒಂದು, 1992ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ. ಇನ್ನೊಂದು, 1993ರ ಅಕ್ಟೋಬರ್ 17ರಂದು ಸ್ಥಳೀಯ ಸಂಸ್ಥೆಗಳಿಗೆ. ಸಂಸತ್ತಿಗೆ ಆರಿಸಿ ಬಂದ 101 ಸದಸ್ಯರಲ್ಲಿ ರಷ್ಯನ್ ಮೂಲದವರು ಒಬ್ಬರೂ ಇರಲಿಲ್ಲ. ರಾಜಧಾನಿ ತಾಲಿನ್‌ನ ನಗರ ಪರಿಷತ್ತಿನಲ್ಲಾದರೆ 64 ಸ್ಥಾನಗಳ ಪೈಕಿ 27 ರಷ್ಯನ್ ಭಾಷಿಕ ಅಭ್ಯರ್ಥಿಗಳ ಎರಡು ಪಟ್ಟಿಗಳ ಪಾಲಾದವು. ಆ ಹದಿಮೂರು ತಿಂಗಳಲ್ಲಿ ಊರಿನ ಜನ ಬದಲಾಗಿರಲಿಲ್ಲ. ಬದಲಾದದ್ದು ಮತದಾರರ ಪಟ್ಟಿ.

ಹೊಸದಾಗಿ ಸ್ವತಂತ್ರವಾದ ದೇಶದ ರಾಜಧಾನಿಯಲ್ಲಿ ನಡೆಯುವ ನಗರ ಚುನಾವಣೆಯೆಂದರೆ ರಸ್ತೆ, ನೀರು, ಕಸದ ವ್ಯವಹಾರ ಎಂದು ನಾವು ಸುಲಭವಾಗಿ ಬದಿಗೆ ಸರಿಸಿಬಿಡುತ್ತೇವೆ. ತಾಲಿನ್‌ನಲ್ಲಿ ಅದು ದೇಶದ ಅತಿ ಕಠಿಣ ಪ್ರಶ್ನೆಗೆ ಸಿಕ್ಕ ಅರೆ ಉತ್ತರವಾಗಿತ್ತು. ನನ್ನ ದೃಷ್ಟಿಯಲ್ಲಿ ಆ ದೇಶ ತನ್ನ ಮೊದಲ ವರ್ಷಗಳಲ್ಲಿ ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲಿ ಅದೂ ಒಂದು. ಆ ಉತ್ತರಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಮೊದಲು ಹಿನ್ನೆಲೆ. ಎಸ್ಟೋನಿಯಾ ಮೊದಲ ಬಾರಿ ಸ್ವತಂತ್ರವಾದದ್ದು 1918ರಲ್ಲಿ. 1940ರ ಜೂನ್‌ನಲ್ಲಿ ಸೋವಿಯತ್ ಸೇನೆ ಒಳನುಗ್ಗಿತು. 1934ರ ಜನಗಣತಿಯ ಪ್ರಕಾರ ದೇಶದ ನೂರಕ್ಕೆ 88 ಮಂದಿ ಎಸ್ಟೋನಿಯನ್ನರು. ಯುದ್ಧ, ಗಡೀಪಾರು, ಪಶ್ಚಿಮಕ್ಕೆ ಪಲಾಯನ ಎಂದು ಒಂದು ಕಡೆ ಜನ ಕಡಿಮೆಯಾದರು. ಇನ್ನೊಂದು ಕಡೆ ಕಾರ್ಖಾನೆ, ಬಂದರು, ಸೇನಾನೆಲೆಗಳ ಕೆಲಸಕ್ಕೆಂದು ಒಕ್ಕೂಟದ ಬೇರೆ ಭಾಗಗಳಿಂದ ಲಕ್ಷಗಟ್ಟಲೆ ಜನ ಬಂದು ನೆಲೆಸಿದರು. 1989ರ ಗಣತಿಗೆ ಬರುವ ಹೊತ್ತಿಗೆ ದೇಶದಲ್ಲಿ ಎಸ್ಟೋನಿಯನ್ನರ ಪಾಲು ಶೇ. 61.5ಕ್ಕೆ ಇಳಿದಿತ್ತು. ತಾಲಿನ್‌ನಲ್ಲಿ ಅವರು ಅರ್ಧಕ್ಕಿಂತಲೂ ಕಡಿಮೆ.

ಈ ಅಂಕಿಗಳು ಕಣ್ಣಿಗೆ ಕಾಣುವುದು ಲಾಸ್ನಮ್ಯಾಯೆಯಲ್ಲಿ. ನಗರದ ಪೂರ್ವಕ್ಕೆ ಸುಣ್ಣಕಲ್ಲಿನ ಒಂದು ಎತ್ತರದ ಬಯಲು. 1970ರ ದಶಕದ ಕೊನೆಯಿಂದ ಅಲ್ಲಿ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಐದು, ಒಂಬತ್ತು, ಹದಿನಾರು ಅಂತಸ್ತಿನ ವಸತಿ ಕಟ್ಟಡಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ನಡುವೆ ಬಂಡೆಯನ್ನೇ ಕೊರೆದು ಹೆದ್ದಾರಿ ಇಳಿಸಿದರು. ಊರಿನವರು ಅದನ್ನು ಇವತ್ತಿಗೂ ಕಾಲುವೆ ಎಂದೇ ಕರೆಯುತ್ತಾರೆ. ಆ ಫ್ಲ್ಯಾಟುಗಳಿಗೆ ಬಂದು ಸೇರಿದವರಲ್ಲಿ ಹೆಚ್ಚಿನವರ ಮನೆಮಾತು ರಷ್ಯನ್. ನಗರದ ಎಂಟು ವಿಭಾಗಗಳಲ್ಲಿ ಜನಸಂಖ್ಯೆಯಲ್ಲಿ ಇದೇ ದೊಡ್ಡದು. ತಾಲಿನ್‌ನಲ್ಲಿ ಯಾರು ಗೆಲ್ಲುತ್ತಾರೆ ಎಂದು ಕೇಳಿದರೆ ಮೊದಲು ಲಾಸ್ನಮ್ಯಾಯೆ ಏನು ಹೇಳುತ್ತದೆ ಎಂದು ನೋಡಬೇಕು.

ಸ್ವಾತಂತ್ರ್ಯ ಬಂದ ಕೂಡಲೇ ಎದ್ದ ಪ್ರಶ್ನೆ: ಈ ದೇಶದ ಪ್ರಜೆಗಳು ಯಾರು? ನೆರೆಯ ಲಿಥುವೇನಿಯಾ ಅಲ್ಲಿ ನೆಲೆಸಿದ್ದ ಎಲ್ಲರಿಗೂ ಪೌರತ್ವ ಪಡೆಯುವ ಅವಕಾಶ ಕೊಟ್ಟಿತು. ಅಲ್ಲಿ ಹೊರಗಿನಿಂದ ಬಂದವರ ಪಾಲು ಕಡಿಮೆ ಇತ್ತು, ಧೈರ್ಯ ಮಾಡಬಹುದಿತ್ತು. ಎಸ್ಟೋನಿಯಾ ಬೇರೆ ದಾರಿ ಹಿಡಿಯಿತು. 'ನಮ್ಮದು ಹೊಸ ದೇಶವಲ್ಲ, 1918ರ ಗಣರಾಜ್ಯವೇ. ಐವತ್ತು ವರ್ಷ ಪರರ ವಶದಲ್ಲಿತ್ತು, ಈಗ ಮರಳಿ ಬಂದಿದೆ' ಎಂಬುದು ಅದರ ವಾದ. ಈ ವಾದ ಒಪ್ಪಿದರೆ ಮುಂದಿನದು ತಾನಾಗಿಯೇ ಬರುತ್ತದೆ. 1940ರ ಜೂನ್ 16ಕ್ಕೆ ಮುಂಚೆ ಪ್ರಜೆಗಳಾಗಿದ್ದವರು ಮತ್ತು ಅವರ ಸಂತತಿ ಯಾವ ಭಾಷೆಯವರಾದರೂ ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಬಂದವರು ಅರ್ಜಿ ಹಾಕಬೇಕು, ಕಾಯಬೇಕು, ಎಸ್ಟೋನಿಯನ್ ಭಾಷೆಯ ಪರೀಕ್ಷೆ ಪಾಸಾಗಬೇಕು. 1992ರ ಫೆಬ್ರವರಿಯಲ್ಲಿ 1938ರ ಹಳೆಯ ಪೌರತ್ವ ಕಾನೂನನ್ನೇ ಮತ್ತೆ ಜಾರಿಗೆ ತಂದರು. ದೇಶದ ಸುಮಾರು ಮೂರನೇ ಒಂದು ಭಾಗದಷ್ಟು ಜನ ಯಾವ ದೇಶಕ್ಕೂ ಸೇರದವರಾದರು. ಮುಂದೆ ಅವರಿಗೆ ಬೂದು ಬಣ್ಣದ ಪಾಸ್‌ಪೋರ್ಟ್ ಕೊಟ್ಟರು. ಕಾಗದದ ಭಾಷೆಯಲ್ಲಿ ಅವರು 'ಪೌರತ್ವ ನಿರ್ಧಾರವಾಗದವರು'.

ಅವರಲ್ಲಿ ಎಷ್ಟೋ ಮಂದಿ ತಾಲಿನ್‌ನಲ್ಲೇ ಹುಟ್ಟಿದವರು. ಎಷ್ಟೋ ಮಂದಿ ಸ್ವಾತಂತ್ರ್ಯಕ್ಕಾಗಿ 1991ರ ಮಾರ್ಚ್‌ನ ಜನಮತಗಣನೆಯಲ್ಲಿ ಮತ ಹಾಕಿದವರು, ಏಕೆಂದರೆ ಆ ಗಣನೆಯಲ್ಲಿ ಎಲ್ಲ ನಿವಾಸಿಗಳಿಗೂ ಮತವಿತ್ತು. ಒಂದು ವರ್ಷ ಕಳೆಯುವುದರೊಳಗೆ ಅದೇ ಜನ ಮತಪೆಟ್ಟಿಗೆಯಿಂದ ಹೊರಗುಳಿದರು. ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಆಗಿನ್ನೂ ರಷ್ಯದ ಸೈನಿಕರು ಎಸ್ಟೋನಿಯಾದ ನೆಲದಲ್ಲಿಯೇ ಇದ್ದರು. ಅವರು ಹೊರಟದ್ದು 1994ರ ಆಗಸ್ಟ್ 31ಕ್ಕೆ. ತನ್ನ ಭಾಷೆ, ತನ್ನ ಹೆಸರು ಅಳಿಸಿಹೋಗುವ ಅಂಚಿಗೆ ಬಂದು ಉಳಿದುಕೊಂಡ ಹದಿನೈದು ಲಕ್ಷ ಜನರ ದೇಶಕ್ಕೆ ಭಯವಿದ್ದದ್ದು ಸಹಜ.

ಈಗ ಬರುವುದು ಕತೆಯ ಕೀಲಿ. 1992ರ ಜೂನ್ 28ರಂದು ಹೊಸ ಸಂವಿಧಾನದ ಮೇಲೆ ಜನಮತಗಣನೆ ನಡೆಯಿತು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ಪೌರತ್ವಕ್ಕೆ ಅರ್ಜಿ ಹಾಕಿದವರಿಗೆ ಮೊದಲ ಸಂಸತ್ ಚುನಾವಣೆಯಲ್ಲಿ ಮತ ಹಾಕಲು ಬಿಡಬೇಕೇ? ಮತದಾರರು ಅಲ್ಪ ಅಂತರದಲ್ಲಿ ಬೇಡ ಎಂದರು. ಸಂವಿಧಾನಕ್ಕೆ ಮಾತ್ರ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. ಆ ಸಂವಿಧಾನದ 156ನೇ ವಿಧಿಯಲ್ಲಿ ಒಂದು ಸಣ್ಣ ಸಾಲಿತ್ತು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಆಯಾ ಊರಿನಲ್ಲಿ ಕಾಯಂ ಆಗಿ ವಾಸಿಸುವ, ಹದಿನೆಂಟು ತುಂಬಿದ ಎಲ್ಲರಿಗೂ ಮತದಾನದ ಹಕ್ಕು. ಪ್ರಜೆಗಳಿಗೆ ಎಂದು ಅಲ್ಲಿ ಬರೆದಿರಲಿಲ್ಲ.

ದೇಶ ಯಾರದು ಎಂಬುದು ಒಂದು ಪ್ರಶ್ನೆ, ಊರು ಯಾರದು ಎಂಬುದು ಬೇರೆಯೇ ಪ್ರಶ್ನೆ ಎಂದು ಆ ವಿಧಿ ಒಪ್ಪಿಕೊಂಡಿತು. ರಕ್ಷಣೆ, ವಿದೇಶಾಂಗ ನೀತಿ, ಪೌರತ್ವದ ಕಾನೂನು ಪ್ರಜೆಗಳ ಕೈಯಲ್ಲಿ. ಬಸ್ಸು, ಶಾಲೆ, ಶಿಶುವಿಹಾರ, ಮನೆ ಬಿಸಿ ಮಾಡುವ ಕೊಳವೆ, ಬೀದಿಯ ಹಿಮ ತೆಗೆಯುವ ಗಾಡಿ ಇವೆಲ್ಲ ಅಲ್ಲಿ ಬದುಕುವ ಎಲ್ಲರ ಕೈಯಲ್ಲಿ. ಪಕ್ಕದ ಲಾಟ್ವಿಯಾದ್ದೂ ಹೆಚ್ಚುಕಡಿಮೆ ಇದೇ ಕಷ್ಟ. ಆದರೂ ಆ ದೇಶ ಪೌರತ್ವವಿಲ್ಲದವರಿಗೆ ನಗರ ಚುನಾವಣೆಯಲ್ಲೂ ಮತ ಕೊಡಲಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಅದರ ರಾಜಧಾನಿ ರೀಗಾದ ಬೀದಿಗಳಲ್ಲಿ ಹತ್ತಾರು ವರ್ಷ ತೆರಿಗೆ ಕಟ್ಟಿ ಬದುಕಿದವರಿಗೆ ತಮ್ಮ ಮೇಯರ್ ಯಾರಾಗಬೇಕೆಂದು ಹೇಳುವ ಹಕ್ಕಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ತಾಲಿನ್‌ನವರು ಎಷ್ಟು ದೊಡ್ಡ ಬಾಗಿಲು ತೆರೆದಿಟ್ಟರು ಎಂಬುದು ತಿಳಿಯುತ್ತದೆ.

ಬಾಗಿಲು ತೆರೆದದ್ದು ಅರ್ಧ ಮಾತ್ರ. 1993ರ ಮೇ ತಿಂಗಳ ಸ್ಥಳೀಯ ಚುನಾವಣಾ ಕಾನೂನಿನ ಪ್ರಕಾರ ಪ್ರಜೆಗಳಲ್ಲದವರು ಮತ ಹಾಕಬಹುದು, ಅಭ್ಯರ್ಥಿಯಾಗುವಂತಿಲ್ಲ. ರಾಜಕೀಯ ಪಕ್ಷಗಳ ಸದಸ್ಯತ್ವವೂ ಸಂವಿಧಾನದ ಪ್ರಕಾರ ಪ್ರಜೆಗಳಿಗೆ ಮಾತ್ರ. ಮತವಿದೆ, ಆದರೆ ತಮ್ಮವರನ್ನು ನಿಲ್ಲಿಸಲು ಪ್ರಜೆಗಳೇ ಸಿಗುತ್ತಿಲ್ಲ! ಅದೇ ಬೇಸಿಗೆಯಲ್ಲಿ ಪರಕೀಯರ ಕಾನೂನು ಬಂದು, ಪ್ರಜೆಗಳಲ್ಲದವರೆಲ್ಲ ವಾಸದ ಪರವಾನಗಿಗೆ ಅರ್ಜಿ ಹಾಕಬೇಕೆಂದಾಯಿತು. ರಷ್ಯದ ಗಡಿಗೆ ಹತ್ತಿರದ ನಾರ್ವಾ ಮತ್ತು ಸಿಲ್ಲಮ್ಯಾಯೆ ಪಟ್ಟಣಗಳು ಜುಲೈನಲ್ಲಿ ಸ್ವಾಯತ್ತತೆಗಾಗಿ ತಮ್ಮದೇ ಜನಮತಗಣನೆ ನಡೆಸಿದವು. ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಎಂದಿತು. ದೇಶ ಒಡೆಯುತ್ತದೆಯೇ ಎಂಬ ಆತಂಕ ನಿಜಕ್ಕೂ ಇದ್ದ ತಿಂಗಳುಗಳವು. ಅಧ್ಯಕ್ಷ ಲೆನ್ನಾರ್ಟ್ ಮೆರಿ ಪರಕೀಯರ ಕಾನೂನಿಗೆ ಕೂಡಲೇ ಸಹಿ ಹಾಕದೆ ಅದನ್ನು ಯುರೋಪಿನ ಸಂಸ್ಥೆಗಳ ತಜ್ಞರಿಗೆ ಕಳುಹಿಸಿ, ತಿದ್ದುಪಡಿ ಮಾಡಿಸಿದ ಮೇಲೆ ಸಹಿ ಹಾಕಿದರು. ರಾಷ್ಟ್ರೀಯ ಅಲ್ಪಸಂಖ್ಯಾತರ ವಿಷಯ ನೋಡುತ್ತಿದ್ದ ಯುರೋಪಿನ ಹೈ ಕಮಿಷನರ್ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ತಾಲಿನ್‌ಗೂ ನಾರ್ವಾಗೂ ಓಡಾಡಿ ಎರಡೂ ಕಡೆಯವರನ್ನು ಸಮಾಧಾನಪಡಿಸಿದರು. ರಷ್ಯನ್ ಭಾಷಿಕ ಮುಖಂಡರಲ್ಲಿ ಕೆಲವರಿಗೆ ವಿಶೇಷ ಸೇವೆಯ ಹೆಸರಿನಲ್ಲಿ ಪೌರತ್ವ ಕೊಟ್ಟು ಸ್ಪರ್ಧೆಗೆ ದಾರಿ ಮಾಡಿಕೊಟ್ಟರು.

ಅಕ್ಟೋಬರ್ 17ರ ಫಲಿತಾಂಶ ಮೊದಲೇ ಹೇಳಿದಂತಿತ್ತು. ಎಸ್ಟೋನಿಯನ್ನರ ಮತ ಹಲವು ಪಕ್ಷಗಳಲ್ಲಿ ಹಂಚಿಹೋಯಿತು, ರಷ್ಯನ್ ಭಾಷಿಕರದ್ದು ಎರಡೇ ಪಟ್ಟಿಗಳಲ್ಲಿ ಗಟ್ಟಿಯಾಗಿ ನಿಂತಿತು. ಪ್ರಧಾನಿ ಮಾರ್ಟ್ ಲಾರ್ ಅವರ ಇಸಮಾ ಪಕ್ಷಕ್ಕೆ ದೇಶದ ಅಧಿಕಾರ ಕೈಯಲ್ಲಿದ್ದರೂ ರಾಜಧಾನಿಯಲ್ಲಿ ಸಿಕ್ಕಿದ್ದು ಐದು ಸ್ಥಾನ. ಮೇಯರ್ ಆಗಿದ್ದ ಯಾಕ್ ತಾಮ್ ಮುಂದುವರಿದರು. 27 ಸ್ಥಾನ ಪಡೆದವರ ಕೈಗೆ ನಗರದ ಆಡಳಿತ ಬರಲಿಲ್ಲ. ಅಷ್ಟಾದರೂ ಆ ದಿನದ ನಿಜವಾದ ಫಲ ಬೇರೆಯೇ ಇತ್ತು. ಬೀದಿಗಿಳಿಯಬಹುದಾಗಿದ್ದ ಅಸಮಾಧಾನ ಪರಿಷತ್ತಿನ ಸಭಾಂಗಣಕ್ಕೆ ಬಂತು. ಬಜೆಟ್, ಸಮಿತಿ, ಪ್ರಶ್ನೋತ್ತರ ಎಂಬ ನಿತ್ಯದ ಕೆಲಸಗಳಲ್ಲಿ ತೊಡಗಿತು. ಬಾಲ್ಟಿಕ್ ದೇಶಗಳಲ್ಲೂ ಯುಗೊಸ್ಲಾವಿಯಾದಂತೆ ರಕ್ತ ಹರಿಯಬಹುದು ಎಂದು ಹೊರಗಿನವರು ಅಂಜುತ್ತಿದ್ದ ವರ್ಷದಲ್ಲಿ ಇದು ಸಣ್ಣ ಸಾಧನೆಯಲ್ಲ.

ಮತ ಹಾಕುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮಲ್ಲಿ ವಾರ್ಡಿಗೊಬ್ಬ ಕಾರ್ಪೊರೇಟರ್, ಹೆಚ್ಚು ಮತ ಪಡೆದವರು ಗೆದ್ದರು. ಅಲ್ಲಿ ಹಾಗಲ್ಲ. ನಗರದ ಒಂದೊಂದು ವಿಭಾಗವೂ ಹಲವು ಸ್ಥಾನಗಳ ಒಂದು ಕ್ಷೇತ್ರ. ಪಕ್ಷಗಳು ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ. ಪ್ರತಿ ಅಭ್ಯರ್ಥಿಗೂ 101ರಿಂದ ಶುರುವಾಗುವ ಒಂದು ಸಂಖ್ಯೆ. ಬೀದಿಬದಿಯ ಪೋಸ್ಟರುಗಳಲ್ಲಿ ಮುಖದಷ್ಟೇ ದೊಡ್ಡದಾಗಿ ಆ ಸಂಖ್ಯೆ ಇರುತ್ತದೆ. ಮತಪತ್ರದಲ್ಲಿ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ, ಒಂದು ಖಾಲಿ ಚೌಕವಿದೆ. ಮರೆಯಲ್ಲಿ ಅಂಟಿಸಿದ ಪಟ್ಟಿ ನೋಡಿ ಮತದಾರ ತನಗೆ ಬೇಕಾದವರ ಸಂಖ್ಯೆಯನ್ನು ಪೆನ್ನಿನಲ್ಲಿ ತಾನೇ ಬರೆಯುತ್ತಾನೆ. ಮಡಚಿ ತಂದಾಗ ಸಿಬ್ಬಂದಿ ಹೊರಮೈಗೆ ಮುದ್ರೆ ಒತ್ತುತ್ತಾರೆ, ಆಮೇಲೆ ಪೆಟ್ಟಿಗೆಗೆ. ಎಸ್ಟೋನಿಯನ್ ಓದಲು ಬಾರದ ಅಜ್ಜಿಯೂ ಒಂದು ಅಂಕಿಯನ್ನು ನೆನಪಿಟ್ಟುಕೊಂಡು ಬಂದರೆ ಸಾಕು.

ಆ ಒಂದು ಅಂಕಿ ಎರಡು ಕೆಲಸ ಮಾಡುತ್ತದೆ. ಅದು ಆ ವ್ಯಕ್ತಿಗೆ ಬಿದ್ದ ಮತ, ಅವರ ಪಟ್ಟಿಗೂ ಬಿದ್ದ ಮತ. ಉದಾಹರಣೆಗೆ ಒಂದು ಕ್ಷೇತ್ರದಲ್ಲಿ 10 ಸ್ಥಾನ, 30 ಸಾವಿರ ಮತ ಎಂದುಕೊಳ್ಳಿ. ಒಂದು ಸ್ಥಾನದ ಬೆಲೆ 3 ಸಾವಿರ ಮತ. ಅಷ್ಟನ್ನು ಒಬ್ಬರೇ ಪಡೆದರೆ ನೇರ ಗೆಲುವು. ಪಟ್ಟಿಯವರೆಲ್ಲರ ಮತ ಸೇರಿಸಿ 3 ಸಾವಿರಕ್ಕೆ ಭಾಗಿಸಿದರೆ ಪಟ್ಟಿಗೆ ಎಷ್ಟು ಸ್ಥಾನ ಎಂದು ತಿಳಿಯುತ್ತದೆ. ಹೀಗೆ ಹಂಚಿ ಉಳಿದ ಸ್ಥಾನಗಳನ್ನು ಇಡೀ ನಗರದ ಮತಗಳ ಲೆಕ್ಕದಲ್ಲಿ, ಶೇ. 5ಕ್ಕಿಂತ ಕಡಿಮೆ ಪಡೆದವರನ್ನು ಬಿಟ್ಟು, ಮತ್ತೆ ಹಂಚುತ್ತಾರೆ. ಆದ್ದರಿಂದಲೇ ಜನಪ್ರಿಯರೊಬ್ಬರು ಪಟ್ಟಿಯಲ್ಲಿದ್ದರೆ ಅವರ ಮತದ ಬಲದಲ್ಲಿ ಹಲವರು ಒಳಬರುತ್ತಾರೆ. 2013ರಲ್ಲಿ ಮೇಯರ್ ಆಗಿದ್ದ ಎಡ್ಗರ್ ಸಾವಿಸಾರ್ ಲಾಸ್ನಮ್ಯಾಯೆಯಲ್ಲಿ ನಿಂತು ಒಬ್ಬರೇ ಸುಮಾರು 40 ಸಾವಿರ ಮತ ಪಡೆದರು. ಅವರ ಕೇಂದ್ರ ಪಕ್ಷಕ್ಕೆ (ಅದರ ಹೆಸರೇ ಸೆಂಟರ್ ಪಾರ್ಟಿ) ಆಗ ಪರಿಷತ್ತಿನಲ್ಲಿದ್ದ 79 ಸ್ಥಾನಗಳಲ್ಲಿ 46 ಬಂದವು. ಮೇಯರನ್ನು ಆರಿಸುವುದು ಪರಿಷತ್ತು, ಜನ ನೇರವಾಗಿ ಆರಿಸುವುದಿಲ್ಲ. ಪರಿಷತ್ತು ಅವಿಶ್ವಾಸ ಸೂಚಿಸಿದರೆ ಮೇಯರ್ ಇಳಿಯಬೇಕು.

ಇಂಥ ಪದ್ಧತಿಯಲ್ಲಿ ಯಾರಿಗೂ ಬಹುಮತ ಬರದಿದ್ದಾಗ ಏನಾಗುತ್ತದೆ ಎಂಬುದನ್ನು ತಾಲಿನ್ ಬೇಗನೆ ಕಂಡಿತು. 1996ರಿಂದ 2001ರೊಳಗೆ ಪ್ರೀಟ್ ವಿಲ್ಬಾ, ರಾಬರ್ಟ್ ಲೆಪಿಕ್ಸನ್, ಈವಿ ಎನ್ಮಾ, ಪೇಟರ್ ಲೆಪ್, ಯೂರಿ ಮೊಯಿಸ್, ತೊನಿಸ್ ಪಾಲ್ಟ್ಸ್ ಒಬ್ಬರಾದ ಮೇಲೊಬ್ಬರಂತೆ ಮೇಯರ್ ಆದರು. ಮೈತ್ರಿ ಕಟ್ಟುವುದು, ಒಡೆಯುವುದೇ ಕೆಲಸವಾಯಿತು. ಈ ಗದ್ದಲದಲ್ಲೇ ರಷ್ಯನ್ ಭಾಷಿಕ ಸದಸ್ಯರಿಗೆ ಬೆಲೆ ಬಂತು. ಅವರಿಲ್ಲದೆ ಲೆಕ್ಕ ಕೂಡುತ್ತಿರಲಿಲ್ಲ. 2001ರಲ್ಲಿ, ಯುರೋಪಿನ ಒತ್ತಾಯವೂ ಸೇರಿ, ಅಭ್ಯರ್ಥಿಗಳಿಗೆ ಎಸ್ಟೋನಿಯನ್ ಭಾಷೆ ಬಂದಿರಲೇಬೇಕೆಂಬ ಷರತ್ತನ್ನು ತೆಗೆದುಹಾಕಿದರು. ಕಲಾಪದ ಭಾಷೆ ಮಾತ್ರ ಎಸ್ಟೋನಿಯನ್ನೇ ಎಂದು ಬಿಗಿ ಮಾಡಿದರು.

ಆ ವರ್ಷದ ಕೊನೆಗೆ ಮೇಯರ್ ಆದ ಸಾವಿಸಾರ್ ಒಂದು ವಿಷಯ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದರು. ಸ್ವಾತಂತ್ರ್ಯದ ಹೊತ್ತಿನಲ್ಲಿ ಸರ್ಕಾರದ ಮುಖ್ಯಸ್ಥರಾಗಿದ್ದವರು ಅವರೇ. ಬೇರೆ ಎಸ್ಟೋನಿಯನ್ ಪಕ್ಷಗಳು ಬೂದು ಪಾಸ್‌ಪೋರ್ಟಿನವರ ಮನೆಯ ಕದ ತಟ್ಟಲು ಹಿಂಜರಿಯುತ್ತಿದ್ದಾಗ ಕೇಂದ್ರ ಪಕ್ಷ ತಟ್ಟಿತು. ರಷ್ಯನ್ನರ ಪ್ರತ್ಯೇಕ ಪಟ್ಟಿಗಳು ಕರಗಿ, ಆ ಮತದ ಬಹುಪಾಲು ಇವರ ಕಡೆ ಹರಿಯಿತು. 2005, 2009, 2013, 2017 ಹೀಗೆ ನಾಲ್ಕು ಸಲ ಸತತವಾಗಿ ಸ್ವಂತ ಬಹುಮತ. ಸಂಸತ್ತಿನಲ್ಲಿ ಬಹುಕಾಲ ಬಲಪಂಥೀಯ ಪಕ್ಷಗಳ ಸರ್ಕಾರ, ರಾಜಧಾನಿಯಲ್ಲಿ ಅವರ ಕಡು ವಿರೋಧಿ. 2007ರ ಏಪ್ರಿಲ್‌ನಲ್ಲಿ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸರ್ಕಾರ ನಗರದ ನಡುವಿನಿಂದ ಸೇನಾ ಸ್ಮಶಾನಕ್ಕೆ ಸಾಗಿಸಿದಾಗ ಗಲಭೆಯಾಗಿ ಒಬ್ಬ ಯುವಕ ಸತ್ತ. ಸರ್ಕಾರ ಮತ್ತು ನಗರಾಡಳಿತ ಆ ದಿನಗಳಲ್ಲಿ ಎದುರುಬದುರಾಗಿ ನಿಂತಿದ್ದವು.

2013ರ ಜನವರಿ 1ರಿಂದ ನಗರದಲ್ಲಿ ನೋಂದಾಯಿತ ನಿವಾಸಿಗಳಿಗೆ ಬಸ್ಸು, ಟ್ರಾಮ್ ಪುಕ್ಕಟೆಯಾಯಿತು. ಅದಕ್ಕೂ ಮುಂಚೆ ನಿವಾಸಿಗಳನ್ನು ಕೇಳಿದಾಗ ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಬೇಕು ಎಂದಿದ್ದರು. ಇದನ್ನು ಬರೀ ಚುನಾವಣೆಯ ಆಮಿಷ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಅಲ್ಲಿ ವ್ಯಕ್ತಿಯ ಆದಾಯ ತೆರಿಗೆಯ ಒಂದು ಪಾಲು ಅವರು ಯಾವ ಊರಿನಲ್ಲಿ ನೋಂದಾಯಿಸಿದ್ದಾರೋ ಆ ಊರಿನ ಖಜಾನೆಗೆ ಹೋಗುತ್ತದೆ. ಪುಕ್ಕಟೆ ಬಸ್ಸಿಗಾಗಿ ಜನ ತಾಲಿನ್‌ನವರೆಂದು ಹೆಸರು ಬರೆಸಿದರು, ನಗರಕ್ಕೆ ತೆರಿಗೆ ಬಂತು, ಮತದಾರರ ಪಟ್ಟಿಯೂ ಬೆಳೆಯಿತು. ಅಲ್ಲಿ ಮತದಾರರ ಪಟ್ಟಿ ತಯಾರಾಗುವುದೇ ಜನಸಂಖ್ಯಾ ನೋಂದಣಿಯಿಂದ. ಬಸ್ಸು, ತೆರಿಗೆ, ಓಟು ಮೂರೂ ಒಂದೇ ವಿಳಾಸಕ್ಕೆ ಕಟ್ಟಿಕೊಂಡಿವೆ. ಆದರೂ ದೀರ್ಘ ಏಕಪಕ್ಷದ ಆಡಳಿತ ಒಳ್ಳೆಯದನ್ನು ಮಾಡಲಿಲ್ಲ. ನಗರದ ದುಡ್ಡಿನ ಟಿವಿ ಮತ್ತು ಪತ್ರಿಕೆ ಪಕ್ಷದ ಪ್ರಚಾರ ಮಾಡುತ್ತಿವೆ ಎಂಬ ದೂರು ನಿಲ್ಲಲಿಲ್ಲ. 2015ರಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಸಾವಿಸಾರ್ ಅವರನ್ನು ನ್ಯಾಯಾಲಯ ಹುದ್ದೆಯಿಂದ ದೂರವಿಟ್ಟಿತು.

ಇಲ್ಲಿ ನನಗೆ ಕಾಣುವ ಕೊರತೆ ಇದು. ಊರಿನ ಓಟು ಸಿಕ್ಕಿದ್ದರಿಂದ ಪೌರತ್ವದ ಪ್ರಶ್ನೆಯನ್ನು ಮುಂದೂಡುವುದು ಎರಡೂ ಕಡೆಯವರಿಗೆ ಸುಲಭವಾಯಿತು. ಪರೀಕ್ಷೆ ಬರೆಯದವರು ಬರೆಯದೇ ಉಳಿದರು, ಅವರನ್ನು ಒಳಗೆ ಕರೆದುಕೊಳ್ಳುವ ಆತುರ ಸರ್ಕಾರಕ್ಕೂ ಇರಲಿಲ್ಲ. ಉಳಿದ ಪಕ್ಷಗಳು ಆ ಮತದಾರರ ಜೊತೆ ಮಾತಾಡುವುದನ್ನೇ ಕಲಿಯಲಿಲ್ಲ. ಆದರೂ ನಿಧಾನವಾಗಿ ಬೇರೊಂದು ಬದಲಾವಣೆ ನಡೆಯುತ್ತಿತ್ತು. 2019ರಲ್ಲಿ ಮೇಯರ್ ಆದ ಮಿಖಾಯಿಲ್ ಕಲ್ವರ್ಟ್ ರಷ್ಯನ್ ಭಾಷಿಕರು. 2024ರ ಮಾರ್ಚ್‌ನಲ್ಲಿ ಪರಿಷತ್ತು ಅವಿಶ್ವಾಸದಿಂದ ಅವರನ್ನು ಇಳಿಸಿತು. ಅವರ ಜಾಗಕ್ಕೆ ಬಂದ ಸೋಷಿಯಲ್ ಡೆಮಾಕ್ರಟ್ ಯೆವ್ಗೇನಿ ಒಸ್ಸಿನೋವ್ಸ್ಕಿ ಕೂಡ ರಷ್ಯನ್ ಮನೆಮಾತಿನವರು. ಭಾಷೆಗಿಂತ ಪಕ್ಷದ ನಿಲುವು ಮುಖ್ಯವಾದ ಜಗಳ ಅದು.

ನಡುವೆ ಮತದಾನದ ವಿಧಾನದಲ್ಲೂ ಈ ಸ್ಥಳೀಯ ಚುನಾವಣೆಗಳು ಮುಂದಿದ್ದವು. 2005ರಲ್ಲಿ ದೇಶದಾದ್ಯಂತ ಇಂಟರ್ನೆಟ್ ಮೂಲಕ ಮತ ಹಾಕಲು ಬಿಟ್ಟ ಜಗತ್ತಿನ ಮೊದಲ ಚುನಾವಣೆ ಎಸ್ಟೋನಿಯಾದ್ದು, ಅದೂ ಸ್ಥಳೀಯ ಸಂಸ್ಥೆಗಳದ್ದು. ಆ ಸಲ ಹಾಗೆ ಮತ ಹಾಕಿದವರು 9,317 ಮಂದಿ. 2017ರಿಂದ ಹದಿನಾರು ತುಂಬಿದವರಿಗೂ ಊರಿನ ಓಟು ಸಿಕ್ಕಿತು.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಇಳಿದ ಮೇಲೆ ಮೂವತ್ತು ವರ್ಷದ ಈ ಒಪ್ಪಂದ ಅಲುಗಾಡಿತು. ಎಸ್ಟೋನಿಯಾದಲ್ಲಿ ರಷ್ಯದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸುಮಾರು 80 ಸಾವಿರ. ದಾಳಿ ಮಾಡುವ ದೇಶದ ಪ್ರಜೆಗಳು ನಮ್ಮ ರಾಜಧಾನಿಯ ಆಡಳಿತವನ್ನು ಆರಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. 2025ರ ಮಾರ್ಚ್ 26ರಂದು ಸಂಸತ್ತು 93 ಮತಗಳಿಂದ 156ನೇ ವಿಧಿಯನ್ನೇ ತಿದ್ದಿತು. ವಿರೋಧಿಸಿದವರು 7 ಮಂದಿ. ಯುರೋಪಿಯನ್ ಒಕ್ಕೂಟದ ಹೊರಗಿನ ದೇಶಗಳ ಪ್ರಜೆಗಳಿಗೆ ಊರಿನ ಓಟು ಕೂಡಲೇ ಹೋಯಿತು. ಯಾವ ದೇಶದ ಪೌರತ್ವವೂ ಇಲ್ಲದ ಬೂದು ಪಾಸ್‌ಪೋರ್ಟಿನವರಿಗೆ 2025ರ ಅಕ್ಟೋಬರ್ ಚುನಾವಣೆಯಲ್ಲಿ ಕೊನೆಯ ಬಾರಿ ಅವಕಾಶ ಕೊಟ್ಟರು.

ತಿದ್ದುಪಡಿ ಬರೆದದ್ದು ರಷ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು, ತಾಗಿದ್ದು ಎಲ್ಲರಿಗೂ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದೀರ್ಘಕಾಲದ ವಾಸದ ಪರವಾನಗಿ ಪಡೆದ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಅದುವರೆಗೆ ತಾಲಿನ್‌ನ ಪರಿಷತ್ತಿಗೆ ಮತ ಹಾಕುವ ಹಕ್ಕಿತ್ತು. ಈಗ ಇಲ್ಲ. ನಮ್ಮ ದೇಶದಲ್ಲಿ ಪಂಚಾಯ್ತಿಯಿಂದ ಲೋಕಸಭೆಯವರೆಗೆ ಮತ ಪ್ರಜೆಗಳಿಗೆ ಮಾತ್ರವಾದ್ದರಿಂದ ಈ ನಷ್ಟ ನಮಗೆ ವಿಚಿತ್ರವಾಗಿ ಕಾಣಬಹುದು. ಆ ಊರಿನಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ಅದು ವಿಚಿತ್ರವೇನಲ್ಲ.

ಭದ್ರತೆಯ ಭಯವನ್ನು ನಾನು ತಳ್ಳಿಹಾಕಲಾರೆ, ಗಡಿಯಾಚೆ ಯಾರಿದ್ದಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ರಷ್ಯದ ಸೇನೆ ಇನ್ನೂ ನೆಲದಲ್ಲಿದ್ದಾಗಲೇ, ದೇಶ ಎರಡು ವರ್ಷದ ಕೂಸಾಗಿದ್ದಾಗಲೇ ಕೊಟ್ಟ ಹಕ್ಕನ್ನು ನ್ಯಾಟೋ ಮತ್ತು ಯುರೋಪಿಯನ್ ಒಕ್ಕೂಟದ ಸದಸ್ಯನಾಗಿ ಬಲಗೊಂಡ ಮೇಲೆ ಹಿಂತೆಗೆದುಕೊಂಡದ್ದು ನೋವಿನ ಸಂಗತಿ. ಅದರಲ್ಲೂ ಬೂದು ಪಾಸ್‌ಪೋರ್ಟಿನವರು ರಷ್ಯದ ಪೌರತ್ವವನ್ನು ಬೇಡವೆಂದು ಬಿಟ್ಟವರು. ಅವರನ್ನೂ ಅದೇ ಸಾಲಿಗೆ ಸೇರಿಸಿದ್ದು ಸರಿಯಾಗಲಿಲ್ಲ.

2025ರ ಅಕ್ಟೋಬರ್ 19ರಂದು ಮತದಾನ ನಡೆಯಿತು. ರಷ್ಯದ ಪ್ರಜೆಗಳ ಮತ ಇಲ್ಲವಾದರೆ ಕೇಂದ್ರ ಪಕ್ಷ ಕುಸಿಯಬಹುದು ಎಂಬ ಲೆಕ್ಕ ಹಲವರದ್ದಾಗಿತ್ತು. ತಾಲಿನ್‌ನಲ್ಲಿ ಅತಿ ಹೆಚ್ಚು ಸ್ಥಾನ ಪಡೆದದ್ದು ಕೇಂದ್ರ ಪಕ್ಷವೇ, ಸ್ವಂತ ಬಹುಮತಕ್ಕೆ ಬೇಕಾದ 40 ಮಾತ್ರ ಮುಟ್ಟಲಿಲ್ಲ. ಲಾಸ್ನಮ್ಯಾಯೆಯ ಮಕ್ಕಳು, ಮೊಮ್ಮಕ್ಕಳಲ್ಲಿ ಬಹಳಷ್ಟು ಮಂದಿ ಈಗ ಎಸ್ಟೋನಿಯಾದ ಪ್ರಜೆಗಳೇ. ಅವರ ಓಟನ್ನು ಯಾವ ತಿದ್ದುಪಡಿಯೂ ಮುಟ್ಟುವುದಿಲ್ಲ. ಬೂದು ಪಾಸ್‌ಪೋರ್ಟಿನವರು ಈಗ 60 ಸಾವಿರದ ಆಸುಪಾಸಿನಲ್ಲಿದ್ದಾರೆ, ಹೆಚ್ಚಿನವರು ವಯಸ್ಸಾದವರು. 2029ರ ನಗರ ಚುನಾವಣೆಯಲ್ಲಿ ಮತ ಹಾಕಬೇಕೆಂದರೆ ಅವರು ಅಷ್ಟರೊಳಗೆ ಭಾಷಾ ಪರೀಕ್ಷೆ ಪಾಸಾಗಿ ಪ್ರಜೆಗಳಾಗಬೇಕು.